ಎಂಜಿನ್ ಆರಿಸಬೇಡ

ಇಲ್ಲಿ ಜನವರಿಯಲ್ಲಿ ಗಾಡಿ ಆರಿಸಿದರೆ
ಡೀಸೆಲ್ ಮೇಣವಾಗುತ್ತದೆ. ಅದಕ್ಕೇ
ಅವಳು ಗುಡ್ಡ ಹತ್ತಿ ಇಳಿಯುವ ತನಕ
ನಾನು ಎಂಜಿನ್ ಆರಿಸುವುದಿಲ್ಲ.
ಹೊಗೆಯ ಲೆಕ್ಕ ತೆಗೆಯಲು ಬಂದವರ ಹೊಗೆ
ಹಿಂದಿನಿಂದ ಹೊರಡುತ್ತಲೇ ಇರುತ್ತದೆ.
ನಗು ಬಂದರೆ ನಕ್ಕುಬಿಡಿ, ನಾವೂ ನಕ್ಕಿದ್ದೇವೆ.

ಊರು ಉಲಾನ್‌ಬಾತರ್. ಬಯನ್‌ಖೊಶೂ ಗುಡ್ಡ.
ಕಂಬಳಿ ಹೊದ್ದ ದುಂಡು ಮನೆಗಳು, ಗೆರ್ ಅನ್ನುತ್ತೇವೆ,
ಒಂದೊಂದರ ನೆತ್ತಿಯಲ್ಲೂ ಒಂದು ತಗಡಿನ ಕೊಳವೆ.
ಬೆಳಿಗ್ಗೆ ಎಂಟಕ್ಕೆ ಕೆಳಗೆ ಪಟ್ಟಣವೇ ಇರುವುದಿಲ್ಲ,
ಬರೀ ಬೂದು ಬಣ್ಣದ ಗಟ್ಟಿ ಮೊಸರು.

ಒಯುನ್‌ಚಿಮೆಗ್ ಯಂತ್ರವನ್ನು ಕೋಟಿನೊಳಗೆ
ಎದೆಗವಚಿಕೊಂಡು ಒಯ್ಯುತ್ತಾಳೆ,
ಚಳಿ ತಾಗಿದರೆ ಅದು ಸುಳ್ಳು ಹೇಳುತ್ತದಂತೆ.
ಒಳಗೆ ಕೂಸಿದೆ ಅಂದುಕೊಂಡು ಜನ ದಾರಿ ಬಿಡುತ್ತಾರೆ.
ನಾಯಿಗಳು ಬಿಡುವುದಿಲ್ಲ.
ಯಾರ ಮನೆಗೆ ಹೋದರೂ ನಮ್ಮಲ್ಲಿ ಮೊದಲ ಮಾತು
'ನಾಯಿ ಹಿಡ್ಕೊಳ್ಳಿ!'
ಎರಡನೆಯದು ಅವಳದು: 'ಊದಿ.'

ಊದಿ, ಊದಿ, ಇನ್ನೂ ಊದಿ, ಬಿಡಬೇಡಿ,
ಬುಡದಲ್ಲಿ ಉಳಿದದ್ದನ್ನೂ ಗೋರಿ ಹೊರಗೆ ಹಾಕಿ.
ಒಲೆಯ ಬೆಂಕಿಯ ಎದುರು ಹೀಗೆಲ್ಲ ಊದಬಾರದು
ಅಂದಳು ದುಲ್ಮಾ ಅಜ್ಜಿ. ಸರಿ,
ಅಜ್ಜಿಯ ಸ್ಟೂಲನ್ನೇ ಮಗ್ಗುಲಿಗೆ ತಿರುಗಿಸಿದ್ದಾಯಿತು.
ಮೂರನೇ ಸಲಕ್ಕೆ ಪರದೆಯ ಗೆರೆ ಏರಿತು,
ಏರಿದಷ್ಟೇ ಬೇಗ ಕುಸಿಯಿತು.
'ಪಾಸಾದೆನಾ?' ಅಂತ ಕೇಳಿದಳಂತೆ ಅಜ್ಜಿ,
ಉಪ್ಪಿನ ಚಹಾ ಬಗ್ಗಿಸುತ್ತಾ.

ಕಲ್ಲಿದ್ದಲ ಮೂಟೆ ಹೊರುವ ಪುರೆವ್
ಮೂರು ಸಲವೂ ಕೆಮ್ಮಿದ. ಕೆಮ್ಮನ್ನು ಯಂತ್ರ ಒಪ್ಪುವುದಿಲ್ಲ.
ಫಾರಮಿನಲ್ಲಿ ಅವನ ಹೆಸರಿನೆದುರು ಖಾಲಿ ಚೌಕ.
ಗುಡ್ಡದಲ್ಲೇ ಕೆಟ್ಟ ಎದೆ
ಹೀಗೆ ಲೆಕ್ಕದಿಂದ ಆಚೆ ಉಳಿಯಿತು.

ದುಡ್ಡು ಸಮುದ್ರದಾಚೆಯ ಒಂದು ನಿಧಿಯದು,
ಆರು ಚಳಿಗಾಲಕ್ಕೆ ಮಾತಾಗಿತ್ತು.
ನಾಲ್ಕನೆಯದರ ನಡುವೆ ಪತ್ರ:
ಸಂಶೋಧನೆ ಮುಂದುವರಿಯಲಿ, ಜನಸಂಪರ್ಕ ನಿಲ್ಲಲಿ.
ನಾನು ಓದಿದ್ದು ಕಡಿಮೆ.
ಜನಸಂಪರ್ಕ ಅಂದರೆ ಯಾವುದು, ಕೇಳಿದೆ.
'ನೀನು,' ಅಂದಳು. 'ನಿನ್ನ ಗಾಡಿ.
ಆಮೇಲೆ, ವಾಪಸು ಹೋಗಿ
ಅವರ ಎದೆಯ ಸುದ್ದಿ ಅವರಿಗೇ ಹೇಳುವುದು.'
ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ.
ನಮ್ಮ ರಾಶಿ ಇನ್ನೂ ಕಣದಲ್ಲೇ ಇತ್ತು.

ಕೊನೆಯ ದಿನ ಹನ್ನೊಂದು ಲಕೋಟೆ,
ರಟ್ಟಿನ ಊದುಕೊಳವೆ ಹನ್ನೆರಡು.
ಸಂಜೆ ಇಳಿಜಾರಿನಲ್ಲಿ ಅವಳು ಮೂರು ಕಡೆ ನಿಂತಳು.
ಏನಾಯಿತು ಅಂದರೆ ಲೇಸು ಬಿಚ್ಚಿತ್ತು ಅಂದಳು.
ಅವಳದು ಉಣ್ಣೆಯ ಬೂಟು. ಅದಕ್ಕೆ ಲೇಸೇ ಇಲ್ಲ.

ಮೂವತ್ತು ವರ್ಷ ಎಂಜಿನ್ನಿನ ಸದ್ದು ಕೇಳಿದವನು ನಾನು.
ಪೂರಾ ಕೆಡುವ ಮುಂಚೆ ಅದು ಏರಿನಲ್ಲಿ ಹೀಗೇ ತಡವರಿಸುತ್ತದೆ.
ಒಂದು ಕೊಳವೆ ಉಳಿದಿದೆಯಲ್ಲ, ಅಂದೆ, ಊದು.
'ಸಿಬ್ಬಂದಿಯನ್ನು ಸೇರಿಸುವ ಹಾಗಿಲ್ಲ.'
ಯಾರು ಸೇರಿಸು ಅಂದರು? ಊದು.
ಕಿಟಕಿಯತ್ತ ತಿರುಗಿ ಊದಿದಳು.
ಊದಿ, ಊದಿ, ಇನ್ನೂ, ಬಿಡಬೇಡ ಅಂತ
ಅವಳ ಮಾತನ್ನೇ ನಾನು ಅವಳಿಗೆ ಕೂಗಿ ಹೇಳಿದೆ.
ಗಾಜಿನ ಮೇಲೆ ಹಿಮದ ಹೂ ಕೂತಿತ್ತು.

ಪರದೆ ನೋಡಿದಳು. ಉಸಿರೆತ್ತಲಿಲ್ಲ.
ಪಾಸಾದೆಯಾ ಅಂದೆ.
ಯಂತ್ರವನ್ನು ಮತ್ತೆ ಕೋಟಿನೊಳಗೆ ಇಟ್ಟು
ಗುಂಡಿ ಹಾಕಿಕೊಂಡಳು, ಒಂದು ಗುಂಡಿ ತಪ್ಪಾಗಿ.
'ಪುರೆವ್ ಮನೆಗೆ ತಿರುಗಿಸು.
ಅವನಿಗೆ ಲಕೋಟೆ ಇಲ್ಲ, ಬಾಯಲ್ಲೇ ಹೇಳಬೇಕು.
ನಾಳೆ ಇಬ್ಬರೂ ಆಸ್ಪತ್ರೆಗೆ ಹೋಗುತ್ತೇವೆ.
ಎಂಜಿನ್ ಆರಿಸಬೇಡ.'

ಆ ದಿನದ ಡೀಸೆಲ್ ರಸೀದಿ
ನನ್ನ ಟೋಪಿಯೊಳಗಿದೆ ಈಗಲೂ.
ಯಾವ ಖಾತೆಗೆ ಬರೆಯಬೇಕೋ,
ಕೇಳೋಣವೆಂದರೆ ಆ ಆಫೀಸಿಗೆ ಬೀಗ.